ಮ್ಯೂನಿಕ್‌ನಿಂದ ಒಂದು ದಿನದ ಚಾರಣ: ನಡೆದು ನೋಡಿದ ನಾಲ್ಕು ದಾರಿಗಳ ಹೋಲಿಕೆ

ಮ್ಯೂನಿಕ್‌ನಲ್ಲಿ ನೆಲೆಸಿದ ನಮ್ಮಂಥವರ ಮನೆಗೆ ಊರಿನಿಂದ ಅಪ್ಪ ಅಮ್ಮಂದಿರೋ ಅತ್ತೆ ಮಾವಂದಿರೋ ಬಂದರೆ, ಮೊದಲ ಎರಡು ದಿನ ನಗರದ ಚೌಕ, ಚರ್ಚು, ಅರಮನೆಗಳನ್ನು ಸುತ್ತಿಸಿದ ಮೇಲೆ, ಬೆಟ್ಟದ ಕಡೆಗೆ ಎಲ್ಲಿಗೆ ಕರೆದೊಯ್ಯಬೇಕೆಂಬ ಪ್ರಶ್ನೆ ತಪ್ಪದೆ ಏಳುತ್ತದೆ. ಕೇಳಿದವರಿಗೆಲ್ಲ ನಾನು ಬಹಳ ಕಾಲ, ಎಲ್ಲರೂ ಹೇಳುವಂತೆ, ಆಂಡೆಕ್ಸ್ ಮಠದ ಹೆಸರನ್ನೇ ಹೇಳುತ್ತಿದ್ದೆ. ಆದರೆ ಕಳೆದ ಮೂರು ವರ್ಷಗಳಲ್ಲಿ ನಾಲ್ಕು ದಾರಿಗಳನ್ನು ಬೇರೆ ಬೇರೆ ಋತುಗಳಲ್ಲಿ, ಕೆಲವೊಮ್ಮೆ ಒಬ್ಬನೇ, ಕೆಲವೊಮ್ಮೆ ಅರವತ್ತು ದಾಟಿದ ಅಮ್ಮನೊಂದಿಗೆ ನಡೆದು ನೋಡಿದ ಮೇಲೆ ಆ ಉತ್ತರವನ್ನು ಬದಲಿಸಿಕೊಂಡಿದ್ದೇನೆ.

ಹೋಲಿಕೆಗೆ ತೆಗೆದುಕೊಂಡ ನಾಲ್ಕು ದಾರಿಗಳು ಇವು. ನಗರದ ದಕ್ಷಿಣಕ್ಕೆ ಈಸಾರ್ ನದಿಯ ದಂಡೆಗುಂಟ ಶೆಫ್ಟ್‌ಲಾರ್ನ್ ಮಠದವರೆಗಿನ ದಾರಿ ಮೊದಲನೆಯದು. ಅಮ್ಮರ್‌ಸೇ ಸರೋವರದ ದಡದ ಹೆರ್ಶಿಂಗ್ ಊರಿನಿಂದ ಕೀನ್‌ಟಾಲ್ ಎಂಬ ಕಿರುಕಣಿವೆಯ ಮೂಲಕ ಆಂಡೆಕ್ಸ್ ಮಠಕ್ಕೆ ಏರುವುದು ಎರಡನೆಯದು. ಟೇಗರ್ನ್‌ಸೇ ಸರೋವರದ ಮೇಲಿರುವ ನೊಯ್‌ರೊಯ್ಟ್ ಎಂಬ ಬೆಟ್ಟದಂಗಳ ಮೂರನೆಯದಾದರೆ, ವಾಲ್ಖನ್‌ಸೇ ಸರೋವರದ ಪಕ್ಕದ ಹೆರ್ಜೋಗ್‌ಸ್ಟಾಂಡ್ ಮತ್ತು ಹೈಮ್‌ಗಾರ್ಟನ್ ಶಿಖರಗಳನ್ನು ಕೂಡಿಸುವ ಬೆನ್ನುದಾರಿ ನಾಲ್ಕನೆಯದು. ನನ್ನ ಬಳಿ ಕಾರಿಲ್ಲದ ಕಾರಣ ನಾಲ್ಕನ್ನೂ ರೈಲು ಮತ್ತು ಬಸ್ಸುಗಳಲ್ಲೇ ಮುಗಿಸಿದ್ದೇನೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಆರಂಭವಾಗಿ 2025ರಲ್ಲಿ 58 ಯೂರೋಗೆ ಏರಿದ ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸ್ ಇದ್ದವರಿಗೆ ಈ ಯಾವ ಪ್ರಯಾಣಕ್ಕೂ ಬೇರೆ ಖರ್ಚಿಲ್ಲ. ಊರಿನಿಂದ ಬಂದ ಅತಿಥಿಗಳಿಗೆ ಒಂದು ದಿನದ ಬಯರ್ನ್ ಟಿಕೆಟ್ ಸಾಕಾಗುತ್ತದೆ, ಆದರೆ ವಾರದ ದಿನಗಳಲ್ಲಿ ಅದು ಬೆಳಗ್ಗೆ ಒಂಬತ್ತರ ನಂತರವಷ್ಟೇ ಸಲ್ಲುವುದರಿಂದ ನಾಲ್ಕನೆಯ ದಾರಿಗೆ ಹೋಗುವವರು ಶನಿವಾರ ಅಥವಾ ಭಾನುವಾರವನ್ನೇ ಆರಿಸಿಕೊಳ್ಳಬೇಕಾಗುತ್ತದೆ.

ತಲುಪುವ ಸುಲಭದಲ್ಲಿ ಮೊದಲ ಎರಡು ದಾರಿಗಳಿಗೆ ಸಾಟಿಯಿಲ್ಲ. ಎಸ್7 ರೈಲು ಅರ್ಧ ಗಂಟೆಯ ಆಸುಪಾಸಿನಲ್ಲಿ ಈಸಾರ್ ಕಣಿವೆಯ ಅಂಚಿಗೆ ಇಳಿಸುತ್ತದೆ, ವಿಮಾನ ನಿಲ್ದಾಣದಿಂದ ಬರುವ ಎಸ್8 ರೈಲು ನಗರದಿಂದ ಸುಮಾರು ಐವತ್ತು ನಿಮಿಷದಲ್ಲಿ ಹೆರ್ಶಿಂಗ್‌ನಲ್ಲಿ ಕೊನೆಗೊಳ್ಳುತ್ತದೆ, ಮತ್ತು ಎರಡರಲ್ಲೂ ಒಂದು ರೈಲು ತಪ್ಪಿದರೆ ಇನ್ನೊಂದಕ್ಕೆ ಹೆಚ್ಚು ಕಾಯಬೇಕಾಗಿಲ್ಲ. ಟೇಗರ್ನ್‌ಸೇ ರೈಲಿಗೆ ಗಂಟೆಗಿಂತ ತುಸು ಹೆಚ್ಚು ಹಿಡಿಯುತ್ತದೆ, ಆದರೆ ಅದರಲ್ಲಿ ಒಂದು ಮರ್ಮವಿದೆ. ಒಂದೇ ಉದ್ದನೆಯ ಗಾಡಿಯಾಗಿ ಮ್ಯೂನಿಕ್‌ನಿಂದ ಹೊರಡುವ ಈ ರೈಲು ದಾರಿಯಲ್ಲಿ, ಹೋಲ್ಸ್‌ಕಿರ್ಖನ್ ಮತ್ತು ಶಾಫ್ಟ್‌ಲಾಖ್ ನಿಲ್ದಾಣಗಳಲ್ಲಿ, ಬಿಡಿ ಬಿಡಿಯಾಗಿ ಒಡೆದು ಮೂರು ಬೇರೆ ಬೇರೆ ಕಣಿವೆಗಳಿಗೆ ಹೋಗುತ್ತದೆ. ಬೋಗಿಯ ಬಾಗಿಲ ಮೇಲಿನ ಫಲಕವನ್ನು ಓದದೆ, ಖಾಲಿ ಸೀಟು ಕಂಡಿತೆಂದು ಹತ್ತಿ ಕುಳಿತ ನಾನು ಮೊದಲ ಸಲ ಸರೋವರದ ಬದಲು ಬಾಡ್ ಟೋಲ್ಸ್ ಎಂಬ ಬೇರೆಯೇ ಊರಿನ ನಿಲ್ದಾಣದಲ್ಲಿ ಇಳಿದು, ಬಂದ ದಾರಿಯಲ್ಲೇ ಹಿಂತಿರುಗಿ, ಒಂದು ಗಂಟೆಗಿಂತ ಹೆಚ್ಚು ಕಾಲವನ್ನು ಪ್ಲಾಟ್‌ಫಾರ್ಮಿನಲ್ಲೇ ಕಳೆದೆ. ವಾಲ್ಖನ್‌ಸೇಗೆ ಹೋಗಲು ಕೋಖೆಲ್‌ವರೆಗೆ ರೈಲು, ಅಲ್ಲಿಂದ ಕೆಸೆಲ್‌ಬರ್ಗ್ ಘಾಟಿಯನ್ನು ಸುತ್ತಿ ಸುತ್ತಿ ಏರುವ ಬಸ್ಸು ಹಿಡಿಯಬೇಕು. ಆ ಬಸ್ಸುಗಳು ವಿರಳವಾಗಿರುವುದರಿಂದ ಇಡೀ ದಿನದ ಲೆಕ್ಕ ಸಂಜೆಯ ಬಸ್ಸಿನಿಂದ ಹಿಂದಕ್ಕೆ ಹಾಕಬೇಕಾದ ಲೆಕ್ಕವಾಗುತ್ತದೆ.

ಏರಿನ ವಿಷಯದಲ್ಲಿ ಶಿಖರದ ಎತ್ತರವನ್ನು ನೋಡಿ ಮೋಸಹೋಗಬಾರದು, ಹೊರಡುವ ಜಾಗದ ಎತ್ತರವನ್ನು ಅದರಿಂದ ಕಳೆದು ನೋಡಬೇಕು. ಅಮ್ಮರ್‌ಸೇ ಸರೋವರವೇ ಸಮುದ್ರಮಟ್ಟದಿಂದ 533 ಮೀಟರ್ ಮೇಲಿದೆ, ಆಂಡೆಕ್ಸ್ ದಿಣ್ಣೆ 700 ಮೀಟರ್ ದಾಟುತ್ತದೆ, ಹಾಗಾಗಿ ನಿಜವಾದ ಏರು ಇನ್ನೂರು ಮೀಟರನ್ನೂ ಮುಟ್ಟುವುದಿಲ್ಲ. ಟೇಗರ್ನ್‌ಸೇ ಊರಿನಿಂದ ನೊಯ್‌ರೊಯ್ಟ್‌ಗೆ ಐನೂರು ಮೀಟರಿನಷ್ಟು ಏರು. ವಾಲ್ಖನ್‌ಸೇ ದಂಡೆ 800 ಮೀಟರಿನ ಆಸುಪಾಸಿನಲ್ಲಿದ್ದು, ಹೆರ್ಜೋಗ್‌ಸ್ಟಾಂಡ್ 1,731 ಮೀಟರ್, ಹೈಮ್‌ಗಾರ್ಟನ್ ಸುಮಾರು 1,790 ಮೀಟರ್ ಎತ್ತರವಿರುವುದರಿಂದ, ನಡುವಿನ ಇಳಿತ ಏರಿತಗಳನ್ನೂ ಸೇರಿಸಿದರೆ ಸಾವಿರ ಮೀಟರಿಗಿಂತ ಹೆಚ್ಚು ಹತ್ತಬೇಕಾಗುತ್ತದೆ. ಈಸಾರ್ ದಾರಿಯಲ್ಲಿ ನದಿಯ ಜೊತೆಗಿನ ನಡಿಗೆ ಬಹುಮಟ್ಟಿಗೆ ಸಮತಟ್ಟಾಗಿದ್ದು, ಕೆಲವೆಡೆ ಮಾತ್ರ ಬೇರುಗಳೆದ್ದ ಕಿರುದಾರಿ ದಿಬ್ಬ ಹತ್ತಿ ಇಳಿಯುತ್ತದೆ. ಆದರೆ ಕೊನೆಯಲ್ಲಿ ಒಂದು ಚುರುಕು ಕಾದಿರುತ್ತದೆ: ಮಠ ಕಣಿವೆಯ ತಳದಲ್ಲಿದೆ, ರೈಲು ನಿಲ್ದಾಣ ಮೇಲಿನ ದಂಡೆಯಲ್ಲಿದೆ. ಹತ್ತು ಕಿಲೋಮೀಟರ್ ಒಂದು ಮಾತೂ ಆಡದೆ ನಡೆದ ಅಮ್ಮ ಆ ಕೊನೆಯ ಅರ್ಧ ಗಂಟೆಯ ಏರಿನಲ್ಲಿ ನಿಂತು, “ಇದನ್ನ ಮೊದಲೇ ಹೇಳಿದ್ರೆ ನಾನು ಆ ಮಠದಲ್ಲೇ ಕೂತಿರ್ತಿದ್ದೆ ಕಣೋ” ಎಂದರು.

ಆಂಡೆಕ್ಸ್ ದಾರಿಯ ಬಗ್ಗೆ ನನ್ನ ತಕರಾರು ಏರಿನದಲ್ಲ. ಕೀನ್‌ಟಾಲ್ ಕಣಿವೆ ತಂಪಾಗಿದೆ, ತೊರೆ ಜೊತೆಗೇ ಹರಿಯುತ್ತದೆ, ಬೀಚ್ ಮರಗಳ ನೆರಳಿದೆ, ಮಕ್ಕಳೂ ಮುದುಕರೂ ನಡೆಯುತ್ತಾರೆ. ಆದರೆ ಇಡೀ ನಡಿಗೆ ಗಂಟೆ ಒಂದೂಕಾಲು ಗಂಟೆಯಲ್ಲಿ ಮುಗಿಯುತ್ತದೆ, ದಾರಿಯಲ್ಲಿ ಬಯಲು ನೋಟವೆಂಬುದು ಇಲ್ಲವೇ ಇಲ್ಲ, ಮೇಲೆ ತಲುಪಿದಾಗ ಕಾರಿನಲ್ಲಿ ಬಂದ ಜನಸಾಗರ ಮಠದ ಬಿಯರ್ ಅಂಗಳದಲ್ಲಿ ಮೊದಲೇ ಜಾಗ ಹಿಡಿದು ಕುಳಿತಿರುತ್ತದೆ. ಬೆನೆಡಿಕ್ಟೀನ್ ಪಂಥದ ಈ ಮಠ 1455ರಲ್ಲಿ ಸ್ಥಾಪನೆಯಾದದ್ದು, ಸಂಗೀತಗಾರ ಕಾರ್ಲ್ ಓರ್ಫ್ ಅವರ ಸಮಾಧಿ ಇಲ್ಲಿನ ಚರ್ಚಿನಲ್ಲಿದೆ, ಚರ್ಚಿನ ಒಳಗಿನ ಹೊಂಬಣ್ಣದ ಅಲಂಕಾರ ಕಣ್ಣು ಕೋರೈಸುವಂಥದು. ಇವೆಲ್ಲ ನಿಜವಾದರೂ, ಇದು ಚಾರಣಕ್ಕಿಂತ ಹೆಚ್ಚಾಗಿ ಕಾಲ್ನಡಿಗೆಯಲ್ಲಿ ಮಾಡುವ ಕ್ಷೇತ್ರದರ್ಶನ. ಶುಭ್ರ ದಿನಗಳಲ್ಲಿ ಮಠದ ದಿಣ್ಣೆಯಿಂದ ಆಲ್ಪ್ಸ್ ಸಾಲು ಕಾಣುತ್ತದೆ, ಆದರೆ ಗೋಡೆಗೆ ತೂಗುಹಾಕಿದ ಪಟದಂತೆ ದೂರದಲ್ಲಿ ಕಾಣುತ್ತದೆ.

ನೊಯ್‌ರೊಯ್ಟ್ ಗೆಲ್ಲುವುದು ಇಲ್ಲಿಯೇ. ಟೇಗರ್ನ್‌ಸೇ ನಿಲ್ದಾಣದಿಂದ ಮನೆಗಳ ನಡುವೆ ಹೊರಟ ದಾರಿ ಕಾಡು ಹೊಕ್ಕು, ಒಂದೂವರೆ ಗಂಟೆ ಬೆವರಿಳಿಸಿದ ಮೇಲೆ ಒಮ್ಮೆಲೇ ಹುಲ್ಲುಗಾವಲಿಗೆ ತೆರೆದುಕೊಳ್ಳುತ್ತದೆ. ಕೆಳಗೆ ಸರೋವರವಿಡೀ ಒಂದೇ ನೋಟಕ್ಕೆ ಸಿಗುತ್ತದೆ, ಅದರಾಚೆ ವಾಲ್‌ಬರ್ಗ್, ಅದರ ಹಿಂದೆ ಒಂದರ ಬೆನ್ನಿಗೊಂದು ಆಸ್ಟ್ರಿಯಾದ ಕಡೆಯ ಬೆಟ್ಟಗಳು. ಬೆಟ್ಟಗಳು ಮುಟ್ಟುವಷ್ಟು ಹತ್ತಿರವೆನಿಸುತ್ತವೆ, ಅವುಗಳನ್ನು ಹತ್ತುವ ಕಷ್ಟ ಮಾತ್ರ ಇಲ್ಲ. ಫೋನ್ ಎಂಬ ಬೆಚ್ಚನೆಯ ದಕ್ಷಿಣದ ಗಾಳಿ ಬೀಸುವ ದಿನ ಹೋದರೆ ಹಿಮದ ಗೆರೆಗಳನ್ನೂ ಎಣಿಸಬಹುದು. ಅಂಥ ದಿನ ಮ್ಯೂನಿಕ್‌ನ ಅರ್ಧ ಜನ ತಲೆನೋವೆಂದು ಗೊಣಗುತ್ತಿದ್ದರೆ ಉಳಿದರ್ಧ ಜನ ಇಂಥ ಬೆಟ್ಟಗಳ ಮೇಲಿರುತ್ತಾರೆ. ಅಮ್ಮ ಈ ದಾರಿಯನ್ನು ಎರಡು ಗಂಟೆ ಇಪ್ಪತ್ತು ನಿಮಿಷದಲ್ಲಿ, ನಾಲ್ಕು ಬೆಂಚುಗಳಲ್ಲಿ ಕುಳಿತು, ಹತ್ತಿದರು. ಅಗಲವಾದ ಮಣ್ಣಿನ ರಸ್ತೆಯಾದ್ದರಿಂದ ಇಳಿಯುವಾಗಲೂ ಮಂಡಿ ತಕರಾರು ಮಾಡಲಿಲ್ಲ. ಕಾಲಿಗೆ ಇನ್ನೂ ಕಸುವಿದ್ದವರು ಬಂದ ದಾರಿಯಲ್ಲಿ ಮರಳದೆ, ಗಿಂಡೆಲ್‌ಆಲ್ಮ್ ಎಂಬ ದನಗಾಹಿಗಳ ಬೇಸಿಗೆಯ ಬೀಡಿನ ಮೂಲಕ ಆಚೆ ಕಣಿವೆಯ ಶ್ಲೀರ್‌ಸೇ ಸರೋವರಕ್ಕೆ ಇಳಿದು, ಅಲ್ಲಿಂದಲೇ ಮ್ಯೂನಿಕ್ ರೈಲು ಹಿಡಿಯಬಹುದು. ಬೆಳಗ್ಗೆ ನನ್ನನ್ನು ದಾರಿತಪ್ಪಿಸಿದ ರೈಲಿನ ಒಡೆಯುವ ಗುಣ ಸಂಜೆ ಹೀಗೆ ಉಪಕಾರಕ್ಕೆ ಬರುತ್ತದೆ.

ಹೆರ್ಜೋಗ್‌ಸ್ಟಾಂಡ್ ಈ ಮೂರರ ಪಂಕ್ತಿಗೆ ಸೇರುವುದೇ ಇಲ್ಲ. ಅದರ ಶಿಖರದಲ್ಲಿ ನಿಂತರೆ ಒಂದು ಬದಿಗೆ ವಾಲ್ಖನ್‌ಸೇ, ಇನ್ನೊಂದು ಬದಿಗೆ ಅದಕ್ಕಿಂತ ಇನ್ನೂರು ಮೀಟರ್ ಕೆಳಗೆ ಕೋಖೆಲ್‌ಸೇ, ಎರಡು ಸರೋವರಗಳು ಎರಡು ಮಾಳಿಗೆಗಳಂತೆ ಕಾಣುತ್ತವೆ. 1924ರಲ್ಲಿ ಆರಂಭವಾದ ಜಲವಿದ್ಯುತ್ ಕೇಂದ್ರ ನಡೆಯುವುದು ಈ ಇನ್ನೂರು ಮೀಟರಿನ ಅಂತರದಿಂದಲೇ. ಅದನ್ನು ಕಟ್ಟಿಸಿದ ಓಸ್ಕರ್ ಫಾನ್ ಮಿಲ್ಲರ್ ಅವರೇ ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ ಅನ್ನೂ ಸ್ಥಾಪಿಸಿದವರು. ಉತ್ತರಕ್ಕೆ ಬವೇರಿಯಾದ ಬಯಲು ಚಾಪೆ ಹಾಸಿದಂತೆ ನಗರದವರೆಗೂ ಹರಡಿದೆ, ದಕ್ಷಿಣಕ್ಕೆ ಕಾರ್ವೆಂಡೆಲ್‌ನ ಬೋಳು ಸುಣ್ಣಕಲ್ಲಿನ ಗೋಡೆ ಎದ್ದಿದೆ. ರಾಜ ಎರಡನೇ ಲೂಡ್ವಿಗ್‌ಗೂ ಈ ಜಾಗ ಪ್ರಿಯವಾಗಿತ್ತು. ಕುದುರೆಗಾಗಿ ಮಾಡಿದ ಹಳೆಯ ದಾರಿಯಲ್ಲೇ ನಾವು ಇಂದು ಕೆಸೆಲ್‌ಬರ್ಗ್‌ನಿಂದ ಹತ್ತುತ್ತೇವೆ, ಆದ್ದರಿಂದ ಮೊದಲ ಭಾಗದ ಏರು ಅಷ್ಟೇನೂ ಕಡಿದಲ್ಲ.

ಕಷ್ಟವಿರುವುದು ಅಲ್ಲಿಂದ ಹೈಮ್‌ಗಾರ್ಟನ್‌ಗೆ ಹೋಗುವ ಬೆನ್ನುದಾರಿಯಲ್ಲಿ. ಕೆಲವು ಕಡೆ ಎರಡು ಹೆಜ್ಜೆಯಗಲದ ದಾರಿ, ಎರಡೂ ಬದಿಗೆ ಇಳಿಜಾರು, ಬಂಡೆಗೆ ಬಿಗಿದ ಉಕ್ಕಿನ ಹಗ್ಗ. ಒಣ ದಿನದಲ್ಲಿ, ಅಭ್ಯಾಸವಿದ್ದವರಿಗೆ, ಇದರಷ್ಟು ಹಿಗ್ಗು ಕೊಡುವ ನಡಿಗೆಯನ್ನು ನಾನು ಮ್ಯೂನಿಕ್‌ನ ಒಂದು ದಿನದ ಅಳವಿನಲ್ಲಿ ಬೇರೆಲ್ಲೂ ಕಂಡಿಲ್ಲ. ಆದರೆ ಮೊದಲ ಪ್ರಯತ್ನದಲ್ಲಿ ನಾನು ಮೇ ತಿಂಗಳ ನಡುವೆ ಹೋಗಿದ್ದೆ. ಊರಿನಲ್ಲಿ ಜನ ಅರ್ಧ ತೋಳಿನ ಅಂಗಿಯಲ್ಲಿ ಐಸ್‌ಕ್ರೀಂ ತಿನ್ನುತ್ತಿದ್ದರು, ಮೇಲೆ ಬೆನ್ನಿನ ಉತ್ತರ ಮಗ್ಗುಲಲ್ಲಿ ಹಳೆಯ ಹಿಮದ ತುಂಡೊಂದು ದಾರಿಯ ಮೇಲೆ ಓರೆಯಾಗಿ ಕುಳಿತಿತ್ತು. ಹತ್ತೇ ಹೆಜ್ಜೆಯ ಉದ್ದ. ಕೋಲಿನಿಂದ ಕುಟ್ಟಿ ನೋಡಿದೆ, ಮೇಲೆ ಮೆತ್ತಗೆ, ಒಳಗೆ ಗಾಜಿನಂತೆ ಗಟ್ಟಿ. ನನಗಿಂತ ಮುಂದಿದ್ದ ಇಬ್ಬರು ದಾಟಿದರು, ನಾನು ಹಿಂತಿರುಗಿದೆ. ಸೆಪ್ಟೆಂಬರಿನಲ್ಲಿ ಮತ್ತೆ ಹೋಗಿ ಸುತ್ತನ್ನು ಪೂರ್ಣಗೊಳಿಸಿದಾಗ, ಬಸ್ಸಿಳಿದಾಗಿನಿಂದ ಮತ್ತೆ ಬಸ್ ನಿಲ್ದಾಣ ಸೇರುವವರೆಗೆ ಆರೂವರೆ ಗಂಟೆ ಹಿಡಿಯಿತು. ಹೈಮ್‌ಗಾರ್ಟನ್‌ನಿಂದ ವಾಲ್ಖನ್‌ಸೇಗೆ ಇಳಿಯುವ ಸುಮಾರು ಸಾವಿರ ಮೀಟರಿನ ಇಳಿಜಾರು ಮಂಡಿಗಳನ್ನು ಮರುದಿನದವರೆಗೂ ನೆನಪಿಡುವಂತೆ ಮಾಡಿತು. ಊರಿನಿಂದ ಬಂದವರನ್ನು ಇಲ್ಲಿಗೆ ಕರೆತರುವ ಮಾತೇ ಬೇಡ.

ಊಟದ ವಿಷಯ ನಮ್ಮವರಿಗೆ ಸಣ್ಣದಲ್ಲ. ಬವೇರಿಯಾದ ಸಾಂಪ್ರದಾಯಿಕ ಬಿಯರ್ ಅಂಗಳಗಳಲ್ಲಿ ಕುಡಿಯುವುದನ್ನು ಅಲ್ಲೇ ಕೊಂಡರೆ ತಿನ್ನುವುದನ್ನು ಮನೆಯಿಂದ ತರಬಹುದು, ಇದಕ್ಕೆ 1999ರ ಸರ್ಕಾರಿ ನಿಯಮದ ಬೆಂಬಲವೂ ಇದೆ. ಹಾಗಾಗಿ ಈಸಾರ್ ದಾರಿಯಲ್ಲಿ ಚೆಸ್ಟ್‌ನಟ್ ಮರದಡಿಯ ಮೇಜಿನ ಮೇಲೆ ಚಪಾತಿ, ಚಟ್ನಿಪುಡಿ, ಚಿತ್ರಾನ್ನ ಬಿಚ್ಚಿದಾಗ ಯಾರೂ ಹುಬ್ಬೇರಿಸಲಿಲ್ಲ. ಪಕ್ಕದ ಮೇಜಿನ ಅಜ್ಜಿಯೊಬ್ಬರು ತಮ್ಮ ಮೂಲಂಗಿಯ ಸುರುಳಿಯನ್ನೇ ನಮ್ಮತ್ತ ನೀಡಿದರು. ಬೆಟ್ಟದ ಮೇಲಿನ ಹೋಟೆಲುಗಳಲ್ಲಿ ಈ ಸಲುಗೆ ಇಲ್ಲ. ಅಲ್ಲಿ ಮೊಟ್ಟೆ ತಿನ್ನುವ ಸಸ್ಯಾಹಾರಿಗಳಿಗೆ ಚೀಸ್‌ನಲ್ಲಿ ಕಲೆಸಿದ ಷ್ಪೆಟ್ಸ್ಲೆ ಎಂಬ ಮೊಟ್ಟೆಯ ನೂಡಲ್ಸ್ ಮತ್ತು ತುಂಡು ಮಾಡಿದ ಸಿಹಿ ದೋಸೆಯಂಥ ಕೈಸರ್‌ಶ್ಮಾರ್ನ್ ಸಿಗುತ್ತವೆ, ತಿನ್ನದವರು ಬ್ರೆಟ್ಸೆಲ್ ಎಂಬ ತಿರುಚಿದ ಬ್ರೆಡ್ಡು ಮತ್ತು ಬೆಣ್ಣೆಗೆ ತೃಪ್ತರಾಗಬೇಕು. ಆಂಡೆಕ್ಸ್‌ನ ಕಪ್ಪು ಡೊಪೆಲ್‌ಬಾಕ್ ಬಿಯರ್ ಸಾಮಾನ್ಯ ಬಿಯರಿಗಿಂತ ಸಾಕಷ್ಟು ಹೆಚ್ಚು ಅಮಲಿನದಾದ್ದರಿಂದ, ಕತ್ತಲಾಗುವ ಮುನ್ನ ಕೀನ್‌ಟಾಲ್ ಇಳಿಯಬೇಕಾದವರು ಅಳತೆಯಲ್ಲಿರುವುದು ಮೇಲು.

ಋತುವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಪಟ್ಟಿ ಮತ್ತೆ ಬದಲಾಗುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಯ ಒಳಗೆ ಸೂರ್ಯ ಮುಳುಗುವ ಊರಿದು. ಆ ದಿನಗಳಿಗೆ ಆಂಡೆಕ್ಸ್ ನಿಜಕ್ಕೂ ಒಳ್ಳೆಯ ಆಯ್ಕೆ, ಏಕೆಂದರೆ ದಾರಿ ಚಿಕ್ಕದು, ಗಮ್ಯದಲ್ಲಿ ಬೆಚ್ಚನೆಯ ಕೋಣೆಯಿದೆ. ನೊಯ್‌ರೊಯ್ಟ್‌ಗೂ ಚಳಿಗಾಲದಲ್ಲಿ ಜನ ಹತ್ತುತ್ತಲೇ ಇರುತ್ತಾರೆ, ಹಲವರು ಇಳಿಯುವಾಗ ಜಾರುಬಂಡಿಯ ಮೇಲೆ ಕುಳಿತು ಬರುತ್ತಾರೆ. ಹೆರ್ಜೋಗ್‌ಸ್ಟಾಂಡ್ ಬೆನ್ನುದಾರಿ ಜೂನ್ ಕೊನೆಯಿಂದ ಅಕ್ಟೋಬರಿನ ಮೊದಲ ಹಿಮದವರೆಗೆ ಮಾತ್ರ.

ಹೀಗಾಗಿ ಅತಿಥಿಗಳಿಗೆ ಈಗ ನಾನು ಹೇಳುವ ಹೆಸರು ನೊಯ್‌ರೊಯ್ಟ್. ನನಗಾಗಿ ನಾನು ವರ್ಷಕ್ಕೆ ಆರೇಳು ಸಲ ಹೋಗುವುದು ಮಾತ್ರ ನಾಲ್ಕರಲ್ಲೇ ತಗ್ಗಿನದಾದ, ಬೆಟ್ಟವೇ ಕಾಣದ ಈಸಾರ್ ದಾರಿಗೆ. ಇದಕ್ಕೆ ಹೆರ್ಜೋಗ್‌ಸ್ಟಾಂಡ್ ಕೂಡ ಸ್ವಲ್ಪ ಕಾರಣ. ಕ್ರ್ಯುನ್ ಎಂಬಲ್ಲಿ ಈಸಾರ್ ನೀರನ್ನು ತಿರುಗಿಸಿ ವಾಲ್ಖನ್‌ಸೇಗೆ ಹರಿಸುತ್ತಾರೆ. ಅದು ವಿದ್ಯುತ್ ಕೇಂದ್ರದ ಕೊಳವೆಗಳಲ್ಲಿ ಕೋಖೆಲ್‌ಸೇಗೆ ಇಳಿದು, ಲೋಯ್ಸಾಖ್ ನದಿಯ ಜೊತೆಗೂಡಿ, ವೋಲ್ಫ್‌ರಾಟ್ಸ್‌ಹೌಸನ್ ಬಳಿ ಮತ್ತೆ ಈಸಾರ್ ಸೇರುತ್ತದೆ. ಅಷ್ಟೆಲ್ಲ ಸುತ್ತಿ ಬಂದ ಹಸಿರು ನೀರು ಶೆಫ್ಟ್‌ಲಾರ್ನ್ ಕೆಳಗೆ ಬಿಳಿ ಜಲ್ಲಿಯ ದಿಬ್ಬಗಳ ನಡುವೆ ಕವಲೊಡೆದು, ನದಿಯ ಮಧ್ಯೆ ನಿಂತ ಗೇಯೊರ್ಗನ್‌ಸ್ಟೈನ್ ಬಂಡೆಗೆ ಬಡಿದು ಹರಿಯುವುದನ್ನು ದಂಡೆಯಲ್ಲಿ ಕುಳಿತು ನೋಡಬಹುದು.

ಕೊನೆಯ ಏರಿನ ಕಾಟಕ್ಕೂ ಒಂದು ಪರಿಹಾರ ಸಿಕ್ಕಿದೆ: ದಾರಿಯನ್ನು ತಿರುವುಮುರುವು ಮಾಡುವುದು. ಏಬನ್‌ಹೌಸನ್ ನಿಲ್ದಾಣದಲ್ಲಿ ಇಳಿದು, ಕಾಲು ತಾಜಾ ಇರುವಾಗಲೇ ಮಠಕ್ಕೆ ಇಳಿದು, ಅಲ್ಲಿಂದ ನದಿ ಹರಿಯುವ ದಿಕ್ಕಿಗೇ ನಡೆದರೆ ಹದಿನೆಂಟು ಕಿಲೋಮೀಟರಿನ ಆಸುಪಾಸಿನಲ್ಲಿ, ಏರಿನ ಹಂಗಿಲ್ಲದೆ, ಟಾಲ್‌ಕಿರ್ಖನ್‌ನ ಮೆಟ್ರೋ ನಿಲ್ದಾಣ ಸಿಗುತ್ತದೆ. ಹಿರಿಯರ ಜೊತೆಗಿದ್ದಾಗ ಅಲ್ಲಿಗೇ ನಿಲ್ಲಿಸಿ, ಏಕೆಂದರೆ ಇನ್ನೂ ಮುಂದೆ, ಫ್ಲೌಖರ್ ಎಂಬಲ್ಲಿ, ಬಿಸಿಲು ಕಾಯುವ ಜನ ಮೈಮೇಲೆ ನೂಲೆಳೆಯನ್ನೂ ಇಟ್ಟುಕೊಂಡಿರುವುದಿಲ್ಲ. ಬೇಸಿಗೆಯಲ್ಲಿ ವೋಲ್ಫ್‌ರಾಟ್ಸ್‌ಹೌಸನ್‌ನಿಂದ ವಾದ್ಯ ಬಾರಿಸುತ್ತ ತೇಲಿಬರುವ ಮರದ ತೆಪ್ಪಗಳೂ ಟಾಲ್‌ಕಿರ್ಖನ್‌ನಲ್ಲೇ ದಡ ಸೇರುತ್ತವೆ. ಕಳೆದ ಜುಲೈನಲ್ಲಿ ನಾವು ತಲುಪಿದಾಗ ಪ್ರಯಾಣಿಕರು ಆಗಲೇ ಇಳಿದು ಹೋಗಿದ್ದರು. ಇಬ್ಬರು ಆಳುಗಳು ತೆಪ್ಪವನ್ನು ಬಿಚ್ಚಿ, ನೀರು ಸೋರುವ ದಿಮ್ಮಿಗಳನ್ನು ಒಂದೊಂದಾಗಿ ಲಾರಿಗೆ ಹೇರಿಸುತ್ತಿದ್ದರು. ಅವು ಮರುದಿನದ ಪ್ರಯಾಣಕ್ಕಾಗಿ ರಸ್ತೆಯ ಮೂಲಕ ವೋಲ್ಫ್‌ರಾಟ್ಸ್‌ಹೌಸನ್‌ಗೆ ಹಿಂತಿರುಗುತ್ತವೆ ಎಂದು ಹೇಳಿದ್ದಕ್ಕೆ, ಅಮ್ಮ ಕಲ್ಲಿನ ಮೇಲೆ ಕುಳಿತು ಬೂಟಿನ ದಾರ ಸಡಿಲಿಸುತ್ತ, ಲಾರಿ ಹೊರಡುವವರೆಗೂ ನೋಡುತ್ತಿದ್ದರು.