ಮಂಡಕಳ್ಳಿಯೋ ದೇವನಹಳ್ಳಿಯೋ? ಕೊನೇ ಗಳಿಗೆಯ ಟಿಕೆಟ್‌ಗೆ ನಾನು ಮಾಡಿ ನೋಡಿದ ಲೆಕ್ಕ

ನನ್ನ ತಂಗಿ ಇರುವುದು ಹೈದರಾಬಾದಿನ ಮಿಯಾಪುರದಲ್ಲಿ. ಅವಳಿಗೆ ಮಗು ಆದ ವರ್ಷ ನಾವು ಮೂರು ಸಲ ಮೈಸೂರಿನಿಂದ ಅಲ್ಲಿಗೆ ಹೋಗಿ ಬಂದೆವು. ಮೂರೂ ಸಲ ಶನಿವಾರ, ಭಾನುವಾರದ ಪ್ರಯಾಣವೇ. ಮೂರೂ ಸಲ ತೀರ್ಮಾನ ಆಗಿದ್ದು ಬುಧವಾರವೋ ಗುರುವಾರವೋ. ಅಮ್ಮನಿಗೆ ಮೊಮ್ಮಗನನ್ನು ನೋಡಬೇಕು ಅನ್ನಿಸಿದರೆ ಮುಂದಿನ ತಿಂಗಳ ಮಾತು ನಡೆಯುವುದಿಲ್ಲ. ನಾನು, ನನ್ನ ಹೆಂಡತಿ, ಅಮ್ಮ, ಒಂಬತ್ತನೇ ಕ್ಲಾಸಿನ ಮಗಳು, ಒಟ್ಟು ನಾಲ್ಕು ಟಿಕೆಟ್. ಹಾಗಾಗಿ ತಲೆಗೆ ಐನೂರು ಉಳಿದರೂ ನಮಗೆ ದೊಡ್ಡದೇ.

ಮೊದಲ ಸಲ ಹೋಗಿದ್ದು ದೇವನಹಳ್ಳಿಯಿಂದ, ಅಂದರೆ ಬೆಂಗಳೂರಿನ ವಿಮಾನ ನಿಲ್ದಾಣದಿಂದ. ಮೈಸೂರಿನವರಿಗೆ ರೂಢಿ ಆಗಿರುವುದೇ ಅದು. ಗುರುವಾರ ರಾತ್ರಿ ನೋಡಿದಾಗ ಶುಕ್ರವಾರ ಸಂಜೆಯ ವಿಮಾನಕ್ಕೆ ಒಬ್ಬರಿಗೆ 6,800 ರೂಪಾಯಿ ಇತ್ತು. ಶನಿವಾರ ಬೆಳಗಿನ ಜಾವದ್ದಕ್ಕೆ 3,900. ಆಫೀಸು ಮುಗಿಸಿ ಹೊರಡುವವರೆಲ್ಲ ಶುಕ್ರವಾರ ಸಂಜೆಯೇ ಬೇಕು ಅಂತಾರೆ, ಅದಕ್ಕೇ ಆ ರೇಟು. ನಾವು ಬೆಳಗಿನ ಜಾವದ್ದನ್ನೇ ತೆಗೆದುಕೊಂಡೆವು.

ಆದರೆ ಆರು ಗಂಟೆಯ ವಿಮಾನ ಅಂದರೆ ಮೈಸೂರಿನಿಂದ ಮಧ್ಯರಾತ್ರಿಗೇ ಹೊರಡಬೇಕು. ಇಲ್ಲಿಂದ ದೇವನಹಳ್ಳಿಗೆ 180 ಕಿಲೋಮೀಟರಿಗೂ ಜಾಸ್ತಿ. ಮಂಡ್ಯದವರಿಗೆ ಒಂದು ಗಂಟೆ ಉಳಿಯಬಹುದು, ಅಷ್ಟೇ. ವಿಮಾನ ನಿಲ್ದಾಣಕ್ಕೆ ನೇರ ಹೋಗುವ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ತುಂಬಾ ಅನುಕೂಲ, ಅದರಲ್ಲಿ ಎರಡು ಮಾತಿಲ್ಲ. ಆದರೂ ಹೋಗಿ ಬರಲು ನಾಲ್ಕು ಜನಕ್ಕೆ ಏಳು ಸಾವಿರದ ಹತ್ತಿರ ಆಯಿತು. ಅಂದರೆ ಒಂದು ಕಡೆಗೆ ತಲೆಗೆ 875. ಟಿಕೆಟ್ಟಿನ 3,900 ಸೇರಿಸಿದರೆ 4,775. ಅಮ್ಮ ಇಡೀ ರಾತ್ರಿ ಕಣ್ಣು ಮುಚ್ಚಲಿಲ್ಲ. ಶನಿವಾರ ಮಧ್ಯಾಹ್ನ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಅವರೇ ನಿದ್ದೆ ಹೋದರು. ಎರಡು ದಿನದಲ್ಲಿ ಅರ್ಧ ದಿನ ಹೀಗೆ ಕಳೆಯಿತು. ನನಗೆ ನಿಜವಾಗಿ ಬೇಜಾರಾಗಿದ್ದು ಅದಕ್ಕೆ.

ಎರಡನೇ ಸಲ ಮಂಡಕಳ್ಳಿ, ಅಂದರೆ ಮೈಸೂರಿನದೇ ವಿಮಾನ ನಿಲ್ದಾಣ. ನಂಜನಗೂಡು ರಸ್ತೆಯಲ್ಲಿ, ನಮ್ಮ ಕುವೆಂಪುನಗರದ ಮನೆಯಿಂದ ಅರ್ಧ ಗಂಟೆಯೂ ಬೇಡ. ಟ್ಯಾಕ್ಸಿಗೆ ನಾಲ್ಕು ಜನಕ್ಕೂ ಸೇರಿ 360 ರೂಪಾಯಿ. ರನ್‌ವೇ ಚಿಕ್ಕದು, 1,740 ಮೀಟರ್. ಅದಕ್ಕೇ ಇಲ್ಲಿಗೆ ಬರುವುದು ಎಪ್ಪತ್ತು ಚಿಲ್ಲರೆ ಸೀಟಿನ, ರೆಕ್ಕೆಯಲ್ಲಿ ಫ್ಯಾನು ತಿರುಗುವ ಎಟಿಆರ್ ವಿಮಾನ. ಸೀಟು ಕಡಿಮೆ ಇರುವುದರಿಂದ ಅಗ್ಗದ ಟಿಕೆಟ್ ಬೇಗ ಖಾಲಿ. ಬುಧವಾರ ರಾತ್ರಿ 4,700 ಇದ್ದದ್ದು ಗುರುವಾರ ಬೆಳಗ್ಗೆ 5,900 ಆಗಿತ್ತು. ನಾವು ರಾತ್ರಿಯೇ ಕೊಂಡಿದ್ದೆವು, ಸುಮ್ನೆ ನೋಡೋಣ ಅಂತ ಬೆಳಗ್ಗೆ ಮತ್ತೆ ತೆರೆದಾಗ ಗೊತ್ತಾಯಿತು.

ಇಲ್ಲೇ ನಾನು ಕಲಿತ ಒಂದು ವಿಷಯ ಹೇಳಬೇಕು. ನಾಲ್ಕು ಜನಕ್ಕೆ ಅಂತ ಹುಡುಕಿದಾಗ ತಲೆಗೆ 5,300 ತೋರಿಸಿತು. ಒಬ್ಬರಿಗೆ ಅಂತ ಹುಡುಕಿದರೆ 4,700. ಕಾರಣ ಇಷ್ಟೇ. ವಿಮಾನದ ಸೀಟುಗಳನ್ನು ಬೇರೆ ಬೇರೆ ರೇಟಿನ ಗುಂಪು ಮಾಡಿ ಮಾರುತ್ತಾರೆ. ಅಗ್ಗದ ಗುಂಪಿನಲ್ಲಿ ಎರಡೇ ಸೀಟು ಉಳಿದಿದ್ದು ನೀವು ನಾಲ್ಕು ಕೇಳಿದರೆ, ನಾಲ್ಕಕ್ಕೂ ಮೇಲಿನ ರೇಟು ಬೀಳುತ್ತದೆ. ಎರಡು ಎರಡಾಗಿ ಬುಕ್ ಮಾಡಿದೆ, ಒಟ್ಟು 1,200 ಉಳಿಯಿತು. ಒಂದು ಎಚ್ಚರ: ಪಿಎನ್‌ಆರ್, ಅಂದರೆ ಬುಕಿಂಗ್ ನಂಬರು, ಎರಡಾಗುತ್ತದೆ. ಅಮ್ಮ ಒಬ್ಬರೇ ಒಂದು ಪಿಎನ್‌ಆರ್‌ನಲ್ಲಿ ಉಳಿಯದ ಹಾಗೆ ನೋಡಿಕೊಳ್ಳಿ. ವಿಮಾನ ರದ್ದಾದರೆ ಆಮೇಲಿನ ಓಡಾಟವೆಲ್ಲ ಪಿಎನ್‌ಆರ್ ಪ್ರಕಾರವೇ ನಡೆಯುವುದು.

ಎರಡು ಟಿಕೆಟ್ 4,700ರಂತೆ, ಎರಡು 5,300ರಂತೆ, ಸರಾಸರಿ ತಲೆಗೆ 5,000, ಟ್ಯಾಕ್ಸಿ 90. ಒಟ್ಟು 5,090. ದೇವನಹಳ್ಳಿಗಿಂತ ತಲೆಗೆ 315 ಜಾಸ್ತಿ. ಅದಕ್ಕೆ ಒಂದು ರಾತ್ರಿಯ ನಿದ್ದೆ ಸಿಕ್ಕಿತು ಅಂದುಕೊಂಡರೆ ನನಗೆ ಅದೇ ಅಗ್ಗ. ಜನ ಹತ್ತಿದರೆ ತಾನೇ ವಿಮಾನ ಉಳಿಯುವುದು? ನಮ್ಮೂರಿನಿಂದ ಹಾರುವ ವಿಮಾನ ನಿಲ್ಲಬಾರದು ಅನ್ನುವ ಆಸೆಯೂ ನನಗಿದೆ.

ಬ್ಯಾಗಿನ ವಿಚಾರವೂ ಒಂದಿದೆ. ಬಾಣಂತಿಗೆ ಅಂತ ಅಮ್ಮ ಒಣಕೊಬ್ಬರಿ ಗಿಟುಕು ಕಟ್ಟಿಕೊಂಡು ಬಂದಿದ್ದರು. ಕೌಂಟರಿನ ಹುಡುಗಿ, "ಅಮ್ಮಾ, ಕೊಬ್ಬರಿ ಇದ್ದರೆ ತೆಗೆದುಬಿಡಿ, ಬಿಡೋದಿಲ್ಲ" ಅಂದಳು. ಅದರಲ್ಲಿ ಎಣ್ಣೆ ಇರುವುದರಿಂದ ಬೇಗ ಬೆಂಕಿ ಹಿಡಿಯುತ್ತದಂತೆ. ಅಮ್ಮ ಒಂದೊಂದೇ ಗಿಟುಕನ್ನು ಸೆರಗಿನಲ್ಲಿ ಒರೆಸಿ ತೆಗೆದು, ನಮ್ಮನ್ನು ಬಿಡಲು ಬಂದ ಟ್ಯಾಕ್ಸಿಯವನಿಗೆ ಕೊಟ್ಟು ಬಂದರು.

ಇನ್ನು ಎಲ್ಲಿ ಕೊಳ್ಳುವುದು? ಒಂದೇ ವಿಮಾನದ ರೇಟನ್ನು ಒಂದೇ ಗಂಟೆಯಲ್ಲಿ ಮೂರು ಕಡೆ ನೋಡಿದೆ. ಒಂದು ಬುಕಿಂಗ್ ಆಪ್ ಮೊದಲ ಪುಟದಲ್ಲಿ ಎಲ್ಲಕ್ಕಿಂತ ಕಡಿಮೆ ತೋರಿಸಿತು. ದುಡ್ಡು ಕಟ್ಟುವ ಪುಟಕ್ಕೆ ಬರುವ ಹೊತ್ತಿಗೆ ಕನ್ವೀನಿಯನ್ಸ್ ಫೀ ಸೇರಿತ್ತು, ನಾನು ಕೇಳದ ಇನ್ಶೂರೆನ್ಸಿಗೆ ಟಿಕ್ ಬಿದ್ದಿತ್ತು. ಅದನ್ನು ತೆಗೆದ ಮೇಲೂ ವಿಮಾನ ಕಂಪನಿಯ ಸ್ವಂತ ಸೈಟಿಗಿಂತ 140 ಜಾಸ್ತಿ. ದೇವರಾಜ ಅರಸು ರಸ್ತೆಯ ಏಜೆಂಟರದ್ದೂ ಹೆಚ್ಚುಕಡಿಮೆ ಅದೇ ರೇಟು. ಆಪಿನಲ್ಲಿ ನಿಮ್ಮ ಬ್ಯಾಂಕಿನ ಕಾರ್ಡಿಗೆ ಆಫರ್ ಇದ್ದರೆ ಮಾತ್ರ ಅದು ಗೆಲ್ಲುತ್ತದೆ. ನಾನೀಗ ಹುಡುಕುವುದು ಗೂಗಲ್ ಫ್ಲೈಟ್ಸ್‌ನಲ್ಲಿ, ಕೊಳ್ಳುವುದು ಕಂಪನಿಯ ಸೈಟಿನಲ್ಲಿ. ಬ್ರೌಸರಿನ ಇನ್‌ಕಾಗ್ನಿಟೋದಲ್ಲಿ, ಅಂದರೆ ಹಿಂದೆ ಹುಡುಕಿದ್ದು ಗೊತ್ತಾಗದ ಹಾಗೆ, ನೋಡಿದರೆ ಕಡಿಮೆ ಅಂತ ಹೇಳುತ್ತಾರಲ್ಲ, ಆರೇಳು ಸಲ ನೋಡಿದೆ, ಒಂದು ರೂಪಾಯಿಯೂ ಇಳಿಯಲಿಲ್ಲ.

ಕೇರಳದ ಕಣ್ಣೂರು ವಿಮಾನ ನಿಲ್ದಾಣವನ್ನೂ ಯೋಚಿಸಿದ್ದೆವು. ವಿರಾಜಪೇಟೆ ದಾಟಿ ಮಾಕುಟ್ಟದ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ಅಮ್ಮನನ್ನು ಕೂರಿಸಿಕೊಂಡು ಆ ರಸ್ತೆ ಬೇಡ ಅಂತ ಬಿಟ್ಟೆವು.

ಮೂರನೇ ಸಲ ಎರಡನ್ನೂ ಬೆರೆಸಿದೆವು. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಹೋಗಿ ಬರುವ ಟಿಕೆಟ್ ಒಟ್ಟಿಗೆ ಕೊಂಡರೆ ಸಾಮಾನ್ಯವಾಗಿ ಲಾಭವೇನೂ ಇಲ್ಲ. ಹಾಗಿದ್ದ ಮೇಲೆ ಹೊರಟ ಜಾಗಕ್ಕೇ ಯಾಕೆ ವಾಪಸ್ ಬರಬೇಕು? ಹೋಗುವಾಗ ಮಂಡಕಳ್ಳಿಯಿಂದ, ಹೊಸ ಹುರುಪಿನಲ್ಲಿ. ಭಾನುವಾರ ವಾಪಸ್ ಮಂಡಕಳ್ಳಿಗೆ 6,200 ಇತ್ತು, ತಡರಾತ್ರಿ ದೇವನಹಳ್ಳಿಗೆ 3,400. ಫ್ಲೈಬಸ್ಸಿನ 875 ಸೇರಿಸಿದರೂ ತಲೆಗೆ ಸುಮಾರು ಎರಡು ಸಾವಿರ ಉಳಿಯಿತು. ತಂಗಿಯ ಮನೆಯಲ್ಲಿ ಊಟ ಮುಗಿಸಿ, ಮಿಯಾಪುರದಲ್ಲೇ ಪುಷ್ಪಕ್ ಅನ್ನುವ ಏರ್‌ಪೋರ್ಟ್ ಬಸ್ ಹತ್ತಿ ಶಂಶಾಬಾದಿನ ಹೈದರಾಬಾದ್ ವಿಮಾನ ನಿಲ್ದಾಣಕ್ಕೆ ಬಂದೆವು. ದೇವನಹಳ್ಳಿಯಲ್ಲಿ ಇಳಿದು ಫ್ಲೈಬಸ್ ಹತ್ತಿದ ಮೇಲೆ ಅಮ್ಮ ಸೀಟು ಹಿಂದಕ್ಕೆ ಮಾಡಿಕೊಂಡು ಮಲಗಿದವರು ಮೈಸೂರು ಬಂದಾಗಲೇ ಎದ್ದರು. ಬರುವಾಗಿನ ರಾತ್ರಿ ಬಸ್ಸು ಹೋಗುವಾಗಿನಷ್ಟು ಹಿಂಸೆ ಅಲ್ಲ. ಮರುದಿನ ಯಾರನ್ನೂ ನೋಡುವ ಆತುರ ಇರುವುದಿಲ್ಲ, ಅಲ್ವಾ? ಹೀಗೆ ಬರುವುದಾದರೆ ಕಾರನ್ನು ಮಾತ್ರ ಮಂಡಕಳ್ಳಿಯಲ್ಲಿ ಬಿಟ್ಟು ಹೋಗಬೇಡಿ.

ದಸರಾ, ದೀಪಾವಳಿಯ ವಾರಕ್ಕೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಆಗ ಮೈಸೂರು–ಕಾಚಿಗುಡ ರೈಲೇ ಗತಿ. ಹಿಂದಿನ ದಿನ ಬೆಳಗ್ಗೆ ಹತ್ತಕ್ಕೆ ಎಸಿ ತತ್ಕಾಲ್ ತೆರೆಯುತ್ತದೆ. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಿ ಇಟ್ಟುಕೊಂಡಿರಿ. ಒಂದು ದಿನ ರಜೆ ಹಾಕಬೇಕಾಗುತ್ತದೆ. ಅಮ್ಮನ ಕೊಬ್ಬರಿಯನ್ನು ಅಲ್ಲಾದರೂ ಬಿಡುತ್ತಾರಾ ಅಂತ ಮೊದಲೇ ಕೇಳಿ ನೋಡಬೇಕು.