ಲಿಥಿಯಂ ಮಾತ್ರೆ, ಏಳು ವರ್ಷದ ಮೇಲೆ

ಬೈಪೋಲಾರ್‌ಗೆ, ಅಂದರೆ ಮನಸ್ಸು ಒಮ್ಮೆ ಉನ್ಮಾದಕ್ಕೆ ಏರಿ ಒಮ್ಮೆ ಖಿನ್ನತೆಗೆ ಇಳಿಯುವ ಕಾಯಿಲೆಗೆ, ಈ ಮಾತ್ರೆ ನುಂಗುತ್ತಿದ್ದೇನೆ. ಮೊದಲು ದೂರು. ಕೈ ನಡುಗುತ್ತದೆ. ನಾನು ಬ್ಲೌಸ್ ಹೊಲಿಯುವವಳು. ಮಷಿನ್ ಮುಂದೆ ಕೂತರೆ ತೊಂದರೆಯಿಲ್ಲ, ಹುಕ್ ಹಾಕಲು ಸೂಜಿ ಹಿಡಿದಾಗ ಗೊತ್ತಾಗುತ್ತದೆ. ದಾರದ ತುದಿ ಒದ್ದೆ ಮಾಡಿ, ಮೊಣಕೈ ಮೇಜಿಗೆ ಊರಿ, ಉಸಿರು ಬಿಗಿಹಿಡಿದರೂ ನಾಲ್ಕೈದು ಸಲ ತಪ್ಪುತ್ತದೆ. ಡಾಕ್ಟರು ಡೋಸ್ ಸ್ವಲ್ಪ ಇಳಿಸಿ, ನಡುಕ ತಗ್ಗಿಸುವ ಪ್ರೊಪ್ರನಲಾಲ್ ಮಾತ್ರೆ ಕೊಟ್ಟ ಮೇಲೆ ಅರ್ಧ ಕಡಿಮೆಯಾಗಿದೆ. ಈಗ ಮಗಳು ಶಾಲೆಗೆ ಹೋಗುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಾಳೆ. ಬಿಳಿ, ಕೆಂಪು, ಹಸಿರು, ಅವತ್ತಿನ ಬಟ್ಟೆ ನೋಡಿಕೊಂಡು.

ಮಾತ್ರೆ ಅಗ್ಗ, ರಕ್ತ ಪರೀಕ್ಷೆಗೇ ಜಾಸ್ತಿ ಖರ್ಚು. ಆರು ತಿಂಗಳಿಗೊಮ್ಮೆ ಲಿಥಿಯಂ ಲೆವೆಲ್, ಕಿಡ್ನಿ, ಥೈರಾಯ್ಡ್. ರಾತ್ರಿ ಒಂಬತ್ತಕ್ಕೆ ಮಾತ್ರೆ ನುಂಗಿದರೆ ಬೆಳಿಗ್ಗೆ ಒಂಬತ್ತಕ್ಕೆ ರಕ್ತ ಕೊಡಬೇಕು, ಸರಿಯಾಗಿ 12 ಗಂಟೆ.

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಸೊಂಟನೋವು ಅಂತ ಒಂದು ಮೆಡಿಕಲ್ ಶಾಪಿಗೆ ಹೋದೆ. ಡೈಕ್ಲೋಫೆನಾಕ್ ಕೊಟ್ಟರು. ಬೇರೆ ಏನಾದರೂ ಮಾತ್ರೆ ನಡೀತಿದೆಯಾ ಅಂತ ಒಂದು ಮಾತು ಕೇಳಲಿಲ್ಲ. ಐದನೇ ದಿನ ವಾಂತಿ, ಭೇದಿ. ನಾಲಿಗೆ ತೊದಲಿತು, ಬಚ್ಚಲಿಗೆ ಗೋಡೆ ಹಿಡಿದು ಹೋದೆ. ಲೆವೆಲ್ 1.6. ನನಗೆ ಇರಬೇಕಾದ್ದು 0.6ರಿಂದ 0.8. ಲಿಥಿಯಂ ಹೊರಗೆ ಹೋಗುವುದು ಮೂತ್ರದಲ್ಲಿ. ಇಂಥ ನೋವಿನ ಮಾತ್ರೆ ಅದನ್ನು ತಡೆಯುತ್ತದೆ, ಬೇಸಿಗೆಯ ಬೆವರೂ ಸೇರಿದರೆ ಮುಗಿಯಿತು. ಮೂರು ದಿನ ಡ್ರಿಪ್ ಹಾಕಿದರು. ಆ ಸಿಟ್ಟು ಇನ್ನೂ ಇಳಿದಿಲ್ಲ. ಈಗ ಪರ್ಸಿನಲ್ಲಿ ಚೀಟಿ ಇದೆ: ಲಿಥಿಯಂ ನಡೀತಿದೆ, ನೋವಿಗೆ ಪ್ಯಾರಾಸಿಟಮಾಲ್ ಮಾತ್ರ.

ಆಮೇಲೂ ಯಾಕೆ ಬಿಡಲಿಲ್ಲ ಅಂತ ಅಕ್ಕ ಕೇಳಿದಳು. ಮುಂಚೆ ಹೇಗಿದ್ದೆ ಅಂತ ಅವಳಿಗೂ ಗೊತ್ತಲ್ವಾ? ನಾಲ್ಕು ರಾತ್ರಿ ನಿದ್ದೆಯಿಲ್ಲದೆ ಹೊಲಿದು, ಸಾಲ ಮಾಡಿ ಮೂರು ಹೊಸ ಮಷಿನ್ ತಂದಿದ್ದೆ. ಆಮೇಲೆ ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ, ಮಗಳ ತಲೆ ಬಾಚಲಿಲ್ಲ. ಬೈಪೋಲಾರ್ ಅಂದರು. 1949ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಜಾನ್ ಕೇಡ್ ಉನ್ಮಾದಕ್ಕೆ ಕೊಟ್ಟು ನೋಡಿ ಬರೆದ ಔಷಧಿಯೇ ನನಗೂ ಹಿಡಿಯಿತು. ಒಂದೇ ವಾರಕ್ಕಲ್ಲ, ತಿಂಗಳುಗಳೇ ಬೇಕಾದವು. ಅಲ್ಲಿಂದ ಈಚೆಗೆ ಒಂದು ಸಲ ಸ್ವಲ್ಪ ಮಂಕಾದದ್ದು ಬಿಟ್ಟರೆ ಮತ್ತೆ ಆ ಕಡೆ ಹೋಗಿಲ್ಲ.

ಕೌನ್ಸೆಲಿಂಗ್‌ನಲ್ಲಿ ಕಲಿಸಿದ ನಿದ್ದೆಯ ಲೆಕ್ಕವನ್ನೂ ಬಿಟ್ಟಿಲ್ಲ. ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ಎದ್ದೆ ಅಂತ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲೇ ಬರೆಯುತ್ತೇನೆ. ಎರಡು ರಾತ್ರಿ ನಿದ್ದೆ ಕಡಿಮೆಯಾದರೆ ಡಾಕ್ಟರಿಗೆ ಫೋನ್. ಗೌರಿ ಹಬ್ಬದ ಸಮಯದಲ್ಲೂ ಹತ್ತು ಗಂಟೆಗೆ ಮಷಿನ್ ಮುಚ್ಚುತ್ತೇನೆ. ಈ ವರ್ಷ ಹದಿನೆಂಟು ಬ್ಲೌಸ್ ಆರ್ಡರ್ ವಾಪಸ್ ಕಳಿಸಿದೆ.