ಲ್ಯಾಪ್‌ಟಾಪ್‌ಗೆ ಇನ್ನೊಂದು 8 ಜಿಬಿ ರ‍್ಯಾಮ್ ಸೇರಿಸುವುದಾ, 16ರ ಒಂದೇ ಸ್ಟಿಕ್ ಹಾಕಿಸುವುದಾ?

ಮೈಸೂರಿನ ಸರಸ್ವತಿಪುರಂನಲ್ಲಿರುವ ನನ್ನ ತಂಗಿಯ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇತ್ತು. ರ‍್ಯಾಮ್ ಅಂದರೆ ನಡೆಯುತ್ತಿರುವ ಕೆಲಸದ ಡೇಟಾ ಇಟ್ಟುಕೊಳ್ಳುವ ಮೆಮೊರಿ. ಅದರ ಪಟ್ಟಿ, ಅಂದರೆ ಸ್ಟಿಕ್, ಕೂರಿಸಲು ಎರಡು ಸ್ಲಾಟ್, ಒಂದು ಖಾಲಿ. ಇನ್ನೊಂದು 8 ಹಾಕಿಸು ಅಂದೆ. ಖರ್ಚು ಕಡಿಮೆ. ಜೊತೆಗೆ ಎರಡು ಸ್ಟಿಕ್ ಇದ್ದರೆ ಪ್ರೊಸೆಸರ್ ಎರಡು ದಾರಿಯಲ್ಲಿ ಡೇಟಾ ಓದುತ್ತದೆ, ಡ್ಯುಯಲ್ ಚಾನೆಲ್ ಅಂತಾರಲ್ಲ, ಅದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ಗೆ ಇದರಿಂದ ಜಾಸ್ತಿ ಲಾಭ. ಆದರೆ ಎರಡರ ವೇಗ ಬೇರೆಯಾದರೆ, ಎರಡೂ ನಿಧಾನದ್ದರ ವೇಗಕ್ಕೇ ಓಡುತ್ತವೆ.

ವಿಡಿಯೊ ಎಡಿಟ್ ಮಾಡುವವರು, ಮುಂದೆ 32 ಜಿಬಿ ಬೇಕು ಅನ್ನುವವರು ಈಗಲೇ 16ರ ಒಂದು ಸ್ಟಿಕ್ ತಗೊಳ್ಳಿ. ಮುಂದೆ ಮತ್ತೊಂದು 16 ಹಾಕಲು ಇನ್ನೊಂದು ಸ್ಲಾಟ್ ಉಳಿಯುತ್ತದೆ.

ಅಂಗಡಿಗೆ ಹೋಗುವ ಮುಂಚೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಲಾಟ್ ಎಷ್ಟಿವೆ ನೋಡಿ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸೆದಿರುತ್ತದೆ. ರ‍್ಯಾಮ್‌ನ ತಲೆಮಾರೂ ನೋಡಿಕೊಳ್ಳಿ: ಹಳೆಯ ಡಿಡಿಆರ್4 ಸ್ಲಾಟಿಗೆ ಹೊಸ ಡಿಡಿಆರ್5 ಕೂರುವುದೇ ಇಲ್ಲ.